ಬಿಟ್ಟು ಹೋದವರನ್ನು ಕೇಳಿ: ಬೆಳಗಾವಿಯಲ್ಲಿ ಕೆಲಸದ ಸ್ಥಿತಿ ನಾನು ತಿಳಿದುಕೊಂಡ ಬಗೆ

ನಾನು ಬೆಳಗಾವಿಯ ಒಂದು ಐಟಿಐನಲ್ಲಿ ಟರ್ನರ್ ಟ್ರೇಡ್, ಅಂದರೆ ಲೇತ್ ಮಷಿನ್ ಕೆಲಸ, ಕಲಿಸುತ್ತೇನೆ. ಮಕ್ಕಳಿಗೆ ಕೆಲಸ ಹುಡುಕಿ ಕೊಡುವ ಜವಾಬ್ದಾರಿಯೂ ನನ್ನದೇ. ಪ್ರವೇಶದ ಸಮಯದಲ್ಲಿ ಪಾಲಕರು ಬಂದು ಕೇಳುವುದು ಒಂದೇ ಮಾತು: "ಸರ್, ಈ ಸಲ ಯಾವ ಲೈನ್ ಛಲೋ ಐತ್ರಿ? ಪಗಾರ ಎಲ್ಲಿ ಜಾಸ್ತಿ ಸಿಗತೈತ್ರಿ?"

ಈ ಪ್ರಶ್ನೆಗೆ ಉತ್ತರ ಪೇಪರಿನಲ್ಲಿ ಸಿಗುವುದಿಲ್ಲ. ರಾಜ್ಯದಲ್ಲಿ ನಿರುದ್ಯೋಗ ಶೇಕಡಾ ಎಷ್ಟು ಅಂತ ಗೊತ್ತಾದರೆ ಹುಕ್ಕೇರಿಯ ಹುಡುಗನಿಗೆ ಏನು ಬಂತು? ಅವನಿಗೆ ಬೇಕಾಗಿರುವುದು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಏನು ನಡೆದಿದೆ, ವಿಮಾನದ ಭಾಗ ತಯಾರಿಸುವ ಹತ್ತರಗಿಯಲ್ಲಿ ಯಾರನ್ನು ತೆಗೆದುಕೊಳ್ಳುತ್ತಿದ್ದಾರೆ, ಕಬ್ಬಿನ ಕಾರ್ಖಾನೆ ಈ ಸಲ ಎಷ್ಟು ತಿಂಗಳು ಓಡುತ್ತದೆ ಎಂಬ ಸುದ್ದಿ. ಅದನ್ನು ನಾನೇ ಕೂಡಿಸತೊಡಗಿದೆ. ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಬಾಗಲಕೋಟೆ, ವಿಜಯಪುರದ ಕಡೆ ಇದೇ ಕೆಲಸ ಮಾಡುವವರಿಗೆ ಉಪಯೋಗವಾಗಬಹುದು.

ಗೇಟಿನ ಬೋರ್ಡಿನಿಂದ ಶುರು ಮಾಡಿದೆ. ಉದ್ಯಮಬಾಗ, ಮಚ್ಛೆ, ಹೊನಗಾ, ಕಾಕತಿ ಸುತ್ತಿದರೆ ಸಾಕು, ಸುಮಾರು ಗೇಟುಗಳಲ್ಲಿ "ಕೆಲಸಗಾರರು ಬೇಕಾಗಿದ್ದಾರೆ" ಅಂತ ಕನ್ನಡದಲ್ಲೋ ಮರಾಠಿಯಲ್ಲೋ ಬರೆದು ಹಾಕಿರುತ್ತಾರೆ. ನೋಡಿದವರು ಕೆಲಸ ಬೇಕಾದಷ್ಟಿದೆ ಅಂದುಕೊಳ್ಳುತ್ತಾರೆ. ನಾನು ಬೋರ್ಡನ್ನು ಬೇರೆ ರೀತಿ ನೋಡುತ್ತೇನೆ. ಮೂರು ತಿಂಗಳಿಗೊಮ್ಮೆ ಬಂದು ಇಳಿದು ಹೋಗುವ ಬೋರ್ಡಾದರೆ ಅಲ್ಲಿ ಹೊಸ ಆರ್ಡರ್ ಬಂದಿದೆ, ಜನ ಬೇಕಾಗಿದ್ದಾರೆ. ವರ್ಷಪೂರ್ತಿ ಅದೇ ಬೋರ್ಡು ತೂಗಾಡುತ್ತಿದ್ದರೆ ಜನ ಅಲ್ಲಿ ನಿಲ್ಲುತ್ತಿಲ್ಲ ಅಂತಲೇ ತಿಳಿಯಬೇಕು. ಒಳಗೆ ಹೋಗಿ ಕೇಳಬೇಕಾದದ್ದು "ಎಷ್ಟು ಜನ ಬೇಕು" ಅಂತ ಅಲ್ಲ, "ಹೋದ ವರ್ಷ ಸೇರಿದವರಲ್ಲಿ ಎಷ್ಟು ಜನ ಇನ್ನೂ ಇದ್ದಾರೆ" ಅಂತ. ಒಳ್ಳೆಯ ಮಾಲೀಕರು ನೇರವಾಗಿ ಹೇಳುತ್ತಾರೆ. ಹೇಳದಿದ್ದರೆ ಗೇಟಿನ ಪಕ್ಕದ ಚಹಾ ಅಂಗಡಿಯವರಿಗೆ ಗೊತ್ತಿರುತ್ತದೆ.

ಬೆಳಗಾವಿಯ ಫೌಂಡ್ರಿಗಳ ಕತೆ ಇದರಲ್ಲೇ ಅರ್ಧ ಸಿಗುತ್ತದೆ. ಇಲ್ಲಿ ಎರಕ ಹೊಯ್ದ ಭಾಗಗಳು ಪುಣೆ ಕಡೆಯ ವಾಹನ ಕಂಪನಿಗಳಿಗೆ, ಪಂಪು, ವಾಲ್ವ್, ಟ್ರ್ಯಾಕ್ಟರ್ ತಯಾರಕರಿಗೆ ಹೋಗುತ್ತವೆ. 2019ರಲ್ಲಿ ದೇಶದಲ್ಲಿ ವಾಹನ ಮಾರಾಟ ಕುಸಿದಾಗ ಇಲ್ಲಿ ಮೊದಲು ಓಟಿ (ಪಾಳಿ ಮುಗಿದ ಮೇಲಿನ ಹೆಚ್ಚುವರಿ ಕೆಲಸ) ನಿಂತಿತು, ಆಮೇಲೆ ಒಂದು ಪಾಳಿ ಕಡಿಮೆಯಾಯಿತು, ಕೊನೆಗೆ ಕಾಂಟ್ರ್ಯಾಕ್ಟ್ ಜನರನ್ನು ಬಿಟ್ಟರು. ಮರುವರ್ಷ ಲಾಕ್‌ಡೌನ್ ಬಂತು. ಹಾಗಾಗಿ ನಾನು ಈಗ ಹುಡುಗರನ್ನು ಮೊದಲು ಕೇಳುವುದು ಓಟಿಯನ್ನು. ಓಟಿ ಜಾಸ್ತಿ ಅಂದರೆ ಆರ್ಡರ್ ಇದೆ. ಓಟಿ ಸುಮ್ನೆ ನಿಂತರೆ ಇನ್ನು ಕೆಲವು ತಿಂಗಳಲ್ಲಿ ಭರ್ತಿಯೂ ನಿಲ್ಲುತ್ತದೆ. ಯಾವ ಸರ್ಕಾರಿ ವರದಿಗಿಂತಲೂ ಇದು ಬೇಗ ತಿಳಿಯುತ್ತದೆ.

ಫೌಂಡ್ರಿಯೊಳಗೂ ಎಲ್ಲ ಕೆಲಸ ಒಂದೇ ಅಲ್ಲ. ಅಚ್ಚು ಮಾಡುವ ಮೋಲ್ಡಿಂಗ್, ಎರಕವನ್ನು ಉಜ್ಜಿ ಸವರುವ ಫೆಟ್ಲಿಂಗ್‌ನಲ್ಲಿ ಬಿಸಿ, ದೂಳು, ಭಾರ. ಬಿಹಾರ, ಒಡಿಶಾ, ಜಾರ್ಖಂಡ್ ಕಡೆಯ ಹುಡುಗರೇ ಅಲ್ಲಿ ಜಾಸ್ತಿ. ನಮ್ಮ ಊರಿನವರು ಸೋಮಾರಿಗಳು, ಅದಕ್ಕೇ ಅಲ್ಲಿ ಹೋಗುವುದಿಲ್ಲ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಐದು ವರ್ಷ ದುಡಿದರೂ ಅದೇ ಜಾಗ, ಅದೇ ಪಗಾರ ಅಂತ ಗೊತ್ತಿರುವ ಕಡೆ ಎರಡು ವರ್ಷ ಓದಿದ ಹುಡುಗ ಯಾಕೆ ನಿಲ್ಲಬೇಕು? ಪಕ್ಕದ ಮಷಿನ್ ಶಾಪಿನಲ್ಲಿ ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವ ಮಷಿನ್) ಆಪರೇಟರ್ ಆದವನು ಮಷಿನ್ ಹೊಂದಿಸಿ ಕೊಡುವ ಸೆಟ್ಟರ್ ಆಗಬಹುದು, ಸೆಟ್ಟರ್ ಆದವನು ಪ್ರೋಗ್ರಾಂ ಬರೆಯುವುದನ್ನು ಕಲಿಯಬಹುದು. ಪ್ರತಿ ಹೆಜ್ಜೆಗೂ ಪಗಾರ ಏರುತ್ತದೆ. ಅಲ್ಲಿ ಜನ ನಿಲ್ಲುತ್ತಾರೆ.

ಇನ್ನು ಫೋನು. ಪಾಸಾಗಿ ಹೋದವರಿಗೆ ಒಂದು ವರ್ಷ ಕಳೆದ ಮೇಲೆ ಫೋನ್ ಮಾಡುತ್ತೇನೆ. ನನ್ನ ಎಲ್ಲ ಮಾಹಿತಿಯಲ್ಲಿ ಅತಿ ಬೆಲೆಯುಳ್ಳದ್ದು ಇದೇ. ಕೈಗೆ ಎಷ್ಟು ಬರುತ್ತದೆ, ಸ್ಲಿಪ್ಪಿನ ಮೇಲೆ ಕಂಪನಿ ಹೆಸರಿದೆಯೋ ಕಾಂಟ್ರ್ಯಾಕ್ಟರ್ ಹೆಸರಿದೆಯೋ, ರೂಮಿಗೂ ಊಟಕ್ಕೂ ಎಷ್ಟು ಹೋಗುತ್ತದೆ, ಸೇರಿದಾಗ ಯಾವ ಮಷಿನ್ ಮೇಲಿದ್ದೆ, ಈಗ ಯಾವುದರ ಮೇಲಿದ್ದೀಯ. ಬಿಟ್ಟಿದ್ದರೆ ಯಾಕೆ ಬಿಟ್ಟೆ. ಇಷ್ಟೇ ಕೇಳುವುದು.

ಕೈಗೆ ಬರುವ ಹಣದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯಾಂಪಸ್ಸಿಗೆ ಬಂದವರು "ಸಿಟಿಸಿ 17,000ಕ್ಕೂ ಮೇಲೆ" ಅನ್ನುತ್ತಾರೆ. ಸಿಟಿಸಿ ಅಂದರೆ ಒಬ್ಬ ಕೆಲಸಗಾರನಿಗೆ ಕಂಪನಿ ಮಾಡುವ ಒಟ್ಟು ಖರ್ಚು. ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000 ರೂಪಾಯಿ ಅಂತ ಇಟ್ಟುಕೊಳ್ಳಿ. ಹುಡುಗನ ಪಿಎಫ್ (ಭವಿಷ್ಯ ನಿಧಿ) ಶೇಕಡಾ 12, ಅಂದರೆ 1,800. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇಕಡಾ 0.75, ಅಂದರೆ 113. ಕೈಗೆ ಬರುವುದು 13,087. ಮಾಲೀಕರ ಪಾಲಿನ ಪಿಎಫ್ 1,800, ಇಎಸ್‌ಐ ಶೇಕಡಾ 3.25ರಂತೆ 488. ಇದನ್ನೂ ಕೂಡಿಸಿದಾಗ ಸಿಟಿಸಿ 17,288 ಆಗುತ್ತದೆ. ಹೇಳಿದ್ದಕ್ಕೂ ಕೈಗೆ ಬಂದದ್ದಕ್ಕೂ 4,000ಕ್ಕಿಂತ ಜಾಸ್ತಿ ಅಂತರ. ಇದರಲ್ಲಿ ಮೋಸ ಏನಿಲ್ಲ, ಪಿಎಫ್ ಹುಡುಗನದೇ ದುಡ್ಡು. ಇಎಸ್‌ಐ ಇದ್ದರೆ ಮನೆಯವರ ಆಸ್ಪತ್ರೆ ಖರ್ಚಿಗೂ ಆಸರೆ. ಆದರೆ ಮೊದಲೇ ಹೇಳದಿದ್ದರೆ ಮೊದಲ ಪಗಾರದ ದಿನವೇ ಹುಡುಗನ ಮನಸ್ಸು ಮುರಿಯುತ್ತದೆ. ಅದಕ್ಕೆ ನಾನು ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಕಲಿಸುತ್ತೇನೆ. ಕೆಲಸಕ್ಕೆ ಸೇರಿದ ಮೇಲೆ ಉಮಂಗ್ ಆ್ಯಪಿನಲ್ಲಿ ಪಿಎಫ್ ಪಾಸ್‌ಬುಕ್ ನೋಡಿಕೊಳ್ಳುವುದನ್ನೂ ಕಲಿಸುತ್ತೇನೆ. ಸ್ಲಿಪ್ಪಿನಲ್ಲಿ ಹಣ ಹಿಡಿದು ಪಾಸ್‌ಬುಕ್ಕಿಗೆ ತುಂಬದ ಕಾಂಟ್ರ್ಯಾಕ್ಟರ್ ಒಬ್ಬರನ್ನು ನಮ್ಮ ಹುಡುಗರು ಹಿಡಿದದ್ದು ಹೀಗೆಯೇ.

ಈ ಲೆಕ್ಕ ಕೈಯಲ್ಲಿದ್ದರೆ ಪುಣೆಗೆ ಹೋಗಬೇಕೋ ಬೇಡವೋ ಎಂಬ ಪ್ರಶ್ನೆಯೂ ಬಗೆಹರಿಯುತ್ತದೆ. ಚಾಕಣ, ತಳೇಗಾಂವ್ ಕಡೆ ಪಗಾರ ಇಲ್ಲಿಗಿಂತ ಹೆಚ್ಚು, ನಿಜ. ಆದರೆ ರೂಮು, ಮೆಸ್ಸು, ಹಬ್ಬಕ್ಕೆ ಊರಿಗೆ ಬಂದು ಹೋಗುವ ಖರ್ಚು ಕಳೆದರೆ ಮನೆಗೆ ಕಳಿಸುವ ಹಣ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ ಅಂತ ಹುಡುಗರೇ ಹೇಳುತ್ತಾರೆ. ಆದರೂ ಹೋಗುವವರನ್ನು ನಾನು ತಡೆಯುವುದಿಲ್ಲ. ದೊಡ್ಡ ಕಾರ್ಖಾನೆಯಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದವನಿಗೆ ಉದ್ಯಮಬಾಗದಲ್ಲಿ ಬೇರೆಯೇ ಬೆಲೆ. ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗಂತೂ ಮಹಾರಾಷ್ಟ್ರದ ಕಾಗಲ್‌ನ ಕಾರ್ಖಾನೆಗಳು ಬೆಳಗಾವಿಗಿಂತ ಹತ್ತಿರ. ಮನೆಯಲ್ಲೇ ಉಂಡು ಗಡಿ ದಾಟಿ ದುಡಿದು ಬರುತ್ತಾರೆ. ಅವರಿಗೆ ಅದೇ ಸರಿ.

ಹತ್ತರಗಿಯ ಏಕಸ್ ವಿಶೇಷ ಆರ್ಥಿಕ ವಲಯದ ಬಗ್ಗೆ ಪಾಲಕರು ಬಹಳ ಕೇಳುತ್ತಾರೆ. ವಿಮಾನದ ಭಾಗಗಳು ನಮ್ಮ ಹುಕ್ಕೇರಿ ತಾಲೂಕಿನಲ್ಲಿ ತಯಾರಾಗಿ ಏರ್‌ಬಸ್, ಬೋಯಿಂಗ್‌ಗೆ ಹೋಗುತ್ತವೆ ಅನ್ನುವುದು ನನಗೂ ಹೆಮ್ಮೆಯ ಮಾತು. ಆದರೆ ಅಲ್ಲಿನ ಕೆಲಸ ದೂರದ ಆಕಾಶಕ್ಕೆ ಕಟ್ಟಿಕೊಂಡಿದೆ. 2020ರಲ್ಲಿ ವಿಮಾನಗಳು ನೆಲಕ್ಕಿಳಿದು ನಿಂತಾಗ ಆ ಉದ್ಯಮದ ಭರ್ತಿಯೂ ನಿಂತಿತು. ಪ್ರಯಾಣ ಮತ್ತೆ ಏರಿದಾಗ ಕೆಲಸವೂ ಬಂತು. ಅಲ್ಲಿಗೆ ಆಯ್ಕೆಯಾಗುವವರನ್ನು ಗಮನಿಸಿ ನಾನು ಒಂದು ಬದಲಾವಣೆ ಮಾಡಿದೆ. ಮಷಿನ್ ಓಡಿಸುವುದಕ್ಕಿಂತ ಡ್ರಾಯಿಂಗ್ ಓದುವುದು, ಮೈಕ್ರೋಮೀಟರ್ ಹಿಡಿದು ಸರಿಯಾಗಿ ಅಳೆಯುವುದು, ಅಳೆದದ್ದನ್ನು ಬರೆದಿಡುವುದು, ಇವಕ್ಕೆ ಹೆಚ್ಚು ಸಮಯ ಕೊಟ್ಟೆ. ವಿಮಾನದ ಭಾಗಕ್ಕೆ ದಾಖಲೆ ಇಲ್ಲದಿದ್ದರೆ ಭಾಗ ಎಷ್ಟೇ ಚೆನ್ನಾಗಿದ್ದರೂ ಅದು ಸ್ಕ್ರ್ಯಾಪ್. ಈ ಅಭ್ಯಾಸ ಇದ್ದವನನ್ನು ಹೈಡ್ರಾಲಿಕ್ಸ್ ಕಂಪನಿಗಳೂ ಖುಷಿಯಿಂದ ತೆಗೆದುಕೊಳ್ಳುತ್ತವೆ.

ಸಕ್ಕರೆ ಕಾರ್ಖಾನೆಗಳದು ಪೂರ್ತಿ ಬೇರೆ ಲೆಕ್ಕ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯಲ್ಲಿ ಇವೇ ದೊಡ್ಡ ಆಸರೆ. ಆದರೆ ಎಲ್ಲರೂ ನವೆಂಬರಿನಲ್ಲಿ ಕೆಲಸ ಕೇಳಿಕೊಂಡು ಹೋಗುತ್ತಾರೆ. ಕಬ್ಬು ನುರಿಸಲು ಶುರುವಾಗುವ ಹೊತ್ತಿಗೆ ಜಾಗ ತುಂಬಿರುತ್ತವೆ. ಫಿಟ್ಟರ್, ವೆಲ್ಡರ್ ಆದವರು ಹೋಗಬೇಕಾದದ್ದು ಹಂಗಾಮು ಮುಗಿದ ಮೇಲೆ, ಏಪ್ರಿಲ್ ಹೊತ್ತಿಗೆ. ಆಗ ಮಿಲ್ಲು, ಬಾಯ್ಲರ್, ಪೈಪು ಎಲ್ಲ ಬಿಚ್ಚಿ ರಿಪೇರಿ ಮಾಡುತ್ತಾರೆ. ಆ ಕೆಲಸದಲ್ಲಿ ಕೈ ತೋರಿಸಿದವನಿಗೆ ಹಂಗಾಮಿನಲ್ಲಿ ಜಾಗ ಸಿಗುತ್ತದೆ. ಬಾಯ್ಲರ್ ಅಟೆಂಡೆಂಟ್ ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟ್ ಇಟ್ಟುಕೊಂಡವನಂತೂ ಬರಿಗೈಲಿ ತಿರುಗುವುದಿಲ್ಲ, ಯಾಕಂದರೆ ಅಂಥವರಿಲ್ಲದೆ ಬಾಯ್ಲರ್ ನಡೆಸಲು ಕಾನೂನು ಬಿಡುವುದಿಲ್ಲ. ಎಥೆನಾಲ್ ಘಟಕಗಳು ಬಂದ ಮೇಲೆ ಕೆಲವು ಕಾರ್ಖಾನೆಗಳಲ್ಲಿ ವರ್ಷದ ಹೆಚ್ಚು ದಿನ ಕೆಲಸ ಸಿಗುತ್ತಿದೆ. ಆದರೆ ಅದೂ ದಿಲ್ಲಿಯ ಮಾತಿಗೆ ಬಿಟ್ಟದ್ದು. 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಕೇಂದ್ರ ಸರ್ಕಾರ ತಡೆ ಹಾಕಿದಾಗ ಇಲ್ಲಿ ಎಲ್ಲರ ಎದೆ ಢವಢವ ಅಂದಿತ್ತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಹಾಗಾಗಿ ಜೂನ್, ಜುಲೈನಲ್ಲಿ ಮಳೆ, ಆಲಮಟ್ಟಿ ಮತ್ತು ಹಿಡಕಲ್ ಜಲಾಶಯದ ನೀರಿನ ಮಟ್ಟ ನೋಡುವುದೂ ನನ್ನ ಪ್ಲೇಸ್‌ಮೆಂಟ್ ಕೆಲಸದ ಭಾಗವೇ.

ವಡಗಾವಿ, ಖಾಸಬಾಗದ ವಿದ್ಯುತ್ ಮಗ್ಗಗಳ ಬಗ್ಗೆ ಹೆಚ್ಚು ಹೇಳಲಾರೆ. ನೇಕಾರರ ಮಕ್ಕಳು ನಮ್ಮಲ್ಲಿ ಕಲಿಯಲು ಬರುತ್ತಾರೆ, ಮರಳಿ ಮಗ್ಗಕ್ಕೆ ಹೋಗುವುದಿಲ್ಲ. ಅವರ ಅಪ್ಪಂದಿರೇ ಬೇಡ ಅನ್ನುತ್ತಾರೆ. ಇಳಕಲ್ಲು, ಗುಳೇದಗುಡ್ಡದಲ್ಲೂ ಇದೇ ಮಾತು ಕೇಳಿದ್ದೇನೆ.

ಸೈನ್ಯದ ಮಾತು ಬಿಡಲಾಗದು. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಊರಿದು. ಬೆಳಿಗ್ಗೆ ಐದಕ್ಕೆ ಮೈದಾನದಲ್ಲಿ ಓಡುವ ಹುಡುಗರು ಇಲ್ಲಿ ಯಾವತ್ತೂ ಇದ್ದಾರೆ. 2022ರಲ್ಲಿ ಅಗ್ನಿಪಥ ಬಂದ ಮೇಲೆ ಲೆಕ್ಕ ಬದಲಾಯಿತು. ನಾಲ್ಕು ವರ್ಷದ ಸೇವೆ, ಆಮೇಲೆ ನಾಲ್ಕರಲ್ಲಿ ಒಬ್ಬರವರೆಗೆ ಮಾತ್ರ ಮುಂದುವರಿಕೆ. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲೇ ಊರಿಗೆ ಬರುತ್ತಾರೆ. ಅದಕ್ಕೆ ಸೈನ್ಯಕ್ಕೆ ಹೋಗುವ ಹುಡುಗರಿಗೆ ನಾನು ಹೇಳುವುದು ಒಂದೇ: ಮೊದಲು ಐಟಿಐ ಮುಗಿಸಿಕೋ, ಸರ್ಟಿಫಿಕೇಟ್ ಮನೆಯಲ್ಲಿಟ್ಟು ಹೋಗು.

ಅಪ್ರೆಂಟಿಸ್, ಅಂದರೆ ಕೆಲಸ ಕಲಿಯುತ್ತಾ ದುಡಿಯುವವರ, ಭರ್ತಿಯನ್ನೂ ನಾನು ತಪ್ಪದೆ ನೋಡುತ್ತೇನೆ. ಮೂವತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಸಂಸ್ಥೆ ತನ್ನ ಒಟ್ಟು ಕೆಲಸಗಾರರ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಯಾರು ಬರೀ 2.5ಕ್ಕೆ ನಿಲ್ಲುತ್ತಾರೆ, ಯಾರು ಹೆಚ್ಚು ತೆಗೆದುಕೊಂಡು ಆಮೇಲೆ ಕಾಯಂ ಮಾಡಿಕೊಳ್ಳುತ್ತಾರೆ, ಯಾರು ಪ್ರತಿ ವರ್ಷ ಹಳಬರನ್ನು ಕಳಿಸಿ ಹೊಸಬರನ್ನು ತುಂಬುತ್ತಾರೆ, ಇದೆಲ್ಲ ಎರಡು ಮೂರು ಬ್ಯಾಚ್ ನೋಡಿದರೆ ಗೊತ್ತಾಗುತ್ತದೆ. ಮೂರನೆಯ ಬಗೆಯವರಲ್ಲಿಗೆ ನಾನು ಮಕ್ಕಳನ್ನು ಕಳಿಸುವುದನ್ನು ಬಿಟ್ಟಿದ್ದೇನೆ.

ಈಗ ನನ್ನ ತಲೆಯಲ್ಲಿರುವುದು ಹುಡುಗಿಯರ ಕೆಲಸ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಬೈಲಹೊಂಗಲ, ಖಾನಾಪುರದ ಕಡೆಯಿಂದ ದಿನಾ ಬಂದು ಕೆಲಸ ಮಾಡಿ ಹೋಗುವ ಹುಡುಗಿಯರು ಕಣ್ಣಿಗೆ ಕಾಣುವಷ್ಟು ಹೆಚ್ಚಿದ್ದಾರೆ. ಬಸ್ಸಿನ ದುಡ್ಡು ಉಳಿದದ್ದೇ ಅವರಿಗೆ ಪಗಾರ ಏರಿದ ಹಾಗೆ. ಅಳತೆ, ಅಸೆಂಬ್ಲಿ, ಪ್ಯಾಕಿಂಗ್ ವಿಭಾಗಗಳಲ್ಲಿ ಮಾಲೀಕರೂ ಅವರನ್ನೇ ಕೇಳುತ್ತಿದ್ದಾರೆ. ಆದರೆ ಬಿಟ್ಟು ಹೋದ ಹುಡುಗಿಯರಿಗೆ ಫೋನ್ ಮಾಡಿದಾಗ ಬಹಳಷ್ಟು ಜನ ಹೇಳಿದ್ದು ಒಂದೇ ಕಾರಣ: "ಸರ್, ಸೆಕೆಂಡ್ ಶಿಫ್ಟ್ ಮುಗದ ಮ್ಯಾಗ ಊರಿಗೆ ಬಸ್ ಇಲ್ರಿ. ಮನ್ಯಾಗ ಬ್ಯಾಡ ಅಂತಾರ್ರಿ." ಪಗಾರದ ಬಗ್ಗೆ ದೂರಿದವರು ಕಡಿಮೆ.

ದೊಡ್ಡ ಕಂಪನಿಗಳು ತಮ್ಮದೇ ಬಸ್ ಓಡಿಸುತ್ತವೆ. ಉದ್ಯಮಬಾಗದ ಸಣ್ಣ ಘಟಕಗಳಿಗೆ ಒಬ್ಬೊಬ್ಬರಿಗೇ ಅದು ಆಗುವ ಮಾತಲ್ಲ. ಅದಕ್ಕೆ ಯಾವ ಊರಿನಿಂದ ಎಷ್ಟು ಹುಡುಗಿಯರು, ಯಾವ ಘಟಕದಲ್ಲಿ, ಪಾಳಿ ಎಷ್ಟಕ್ಕೆ ಮುಗಿಯುತ್ತದೆ ಅಂತ ಪಟ್ಟಿ ಮಾಡಿದ್ದೇನೆ. ಅಕ್ಕಪಕ್ಕದ ಘಟಕಗಳು ಕೂಡಿ ಒಂದು ಗಾಡಿ ಗೊತ್ತು ಮಾಡಲಿ ಅಂತ ಮಾಲೀಕರ ಮುಂದೆ ಇಟ್ಟಿದ್ದೇನೆ. ಇಬ್ಬರು ಒಪ್ಪಿದ್ದಾರೆ. ಮೂರನೆಯವರು ತಿಂಗಳ ಡೀಸೆಲ್ ಮತ್ತು ಡ್ರೈವರ್ ಪಗಾರದ ಲೆಕ್ಕ ಕೇಳಿದ್ದಾರೆ, ಈ ವಾರ ಕೊಡಬೇಕು.