ತೂಕ ಬಂದಾಗ ಪರದೆ ಹ್ಯಾಂಗ್ ಆಗದಿರಲು: ನಾಲ್ಕೂ ವೇದಿಕೆಗೆ ಒಂದೇ ಕ್ಯೂ

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯಲು ಕೂತರೆ ಮೊದಲು ಕಾಡುವುದು ತೂಕದ ಯಂತ್ರ. ಅದು ಸೀರಿಯಲ್ ಕೇಬಲ್ ಮೂಲಕ ಸೆಕೆಂಡಿಗೆ ಹಲವು ಸಲ ತೂಕ ಕಳಿಸುತ್ತಲೇ ಇರುತ್ತದೆ. ಓದುವ ಕೆಲಸ ಡೇಟಾ ಬರುವ ತನಕ ಕಾಯುತ್ತ ನಿಲ್ಲುವುದರಿಂದ ಅದಕ್ಕೆ ಬೇರೆಯೇ ಥ್ರೆಡ್ (ಪ್ರೋಗ್ರಾಂ ಒಳಗೆ ಜೊತೆಜೊತೆಗೇ ಓಡುವ ಕೆಲಸದ ಎಳೆ) ಬೇಕು. ಆದರೆ ಓದಿದ್ದನ್ನು ಪರದೆಗೆ ಬರೆಯುವ ಅಧಿಕಾರ ಆ ಥ್ರೆಡ್‌ಗಿಲ್ಲ. ಪರದೆ ಮುಟ್ಟುವ ಕೆಲಸವೆಲ್ಲ ಮೇನ್ ಥ್ರೆಡ್‌ನಲ್ಲೇ ಆಗಬೇಕು. ತಪ್ಪಿದರೆ ಆಂಡ್ರಾಯ್ಡ್ ಸಾಮಾನ್ಯವಾಗಿ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆಯುತ್ತದೆ. ಲಿನಕ್ಸ್‌ನ ಜಿಟಿಕೆಯಲ್ಲಿ (ವಿಂಡೋ, ಬಟನ್ ಬಿಡಿಸುವ ಲೈಬ್ರರಿ) ಯಾವಾಗಲೋ ಒಮ್ಮೆ ಕ್ರ್ಯಾಶ್ ಆಗುತ್ತದೆ, ಕಾರಣ ಹುಡುಕುವುದು ಬಲು ಕಷ್ಟ. ಹಾಗೆಂದು ಮೇನ್ ಥ್ರೆಡ್‌ನಲ್ಲೇ ಯಂತ್ರವನ್ನು ಓದುತ್ತ ಕೂತರೆ, 5 ಸೆಕೆಂಡ್ ದಾಟಿದ ಕೂಡಲೇ ವಿಂಡೋಸ್ ‘ನಾಟ್ ರೆಸ್ಪಾಂಡಿಂಗ್’ ಎಂದು ತೋರಿಸುತ್ತದೆ. ಬೆರಳು ತಾಗಿಸಿದ್ದಕ್ಕೆ ಅಷ್ಟೇ ಹೊತ್ತು ಉತ್ತರ ಸಿಗದಿದ್ದರೆ ಆಂಡ್ರಾಯ್ಡ್ ಆ್ಯಪ್ ಮುಚ್ಚಲೇ ಎಂದು ಕೇಳುತ್ತದೆ.

ಇದಕ್ಕೆ ದಾರಿ ಒಂದು ಕ್ಯೂ: ಓದುವ ಥ್ರೆಡ್ ಮಾಡಬೇಕಾದ ಕೆಲಸವನ್ನು ಅದಕ್ಕೆ ಹಾಕುತ್ತದೆ, ಮೇನ್ ಥ್ರೆಡ್‌ನ ಲೂಪ್ (ಕೆಲಸ ಬರುವ ತನಕ ಮಲಗಿ, ಬಂದಾಗ ಏಳುವ ಸುತ್ತು) ಅದನ್ನು ತೆಗೆದು ನಡೆಸುತ್ತದೆ. ಅಂಗಡಿಯಲ್ಲಿ ವಿಂಡೋಸ್, ಹಾವೇರಿಯ ಗೋದಾಮಿನಲ್ಲಿ ಲಿನಕ್ಸ್, ಹುಬ್ಬಳ್ಳಿಯ ಲೆಕ್ಕಿಗರ ಬಳಿ ಮ್ಯಾಕ್, ಮಾಲೀಕರ ಕೈಯಲ್ಲಿ ಆಂಡ್ರಾಯ್ಡ್ ಇದ್ದರೂ ಕ್ಯೂ ಒಂದೇ ಇರಲಿ. ವೇದಿಕೆಗೆ ತಕ್ಕಂತೆ ಬದಲಾಗಬೇಕಾದದ್ದು ಮಲಗಿರುವ ಲೂಪನ್ನು ಎಬ್ಬಿಸುವ ಕೆಲವು ಸಾಲು ಮಾತ್ರ.

ಹಂತ 1: ಕ್ಯೂ

ಸಿ++ನಲ್ಲಿ ಒಂದು ಡೆಕ್ (ಎರಡೂ ತುದಿಯಲ್ಲಿ ಹಾಕಿ ತೆಗೆಯಬಹುದಾದ ಪಟ್ಟಿ), ಒಂದು ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಹುದಾದ ಲಾಕ್), ‘ಎಬ್ಬಿಸಿದ್ದೇವೆ’ ಎಂದು ಗುರುತಿಡುವ ಒಂದು ಫ್ಲ್ಯಾಗ್ ಸಾಕು. ಕೆಲಸ ಸೇರಿಸುವಾಗ ಲಾಕ್ ಹಿಡಿದು ಡೆಕ್‌ನ ಕೊನೆಗೆ ಹಾಕಿ. ಫ್ಲ್ಯಾಗ್ ಇಳಿದಿದ್ದರೆ ಏರಿಸಿ, ಲಾಕ್ ಬಿಟ್ಟು, ಲೂಪನ್ನು ಎಬ್ಬಿಸಿ. ಮೊದಲೇ ಏರಿದ್ದರೆ ಮತ್ತೆ ಎಬ್ಬಿಸುವುದು ಬೇಡ.

ಮೇನ್ ಥ್ರೆಡ್ ಎದ್ದ ತಕ್ಷಣ ಮೊದಲು ಫ್ಲ್ಯಾಗ್ ಇಳಿಸಬೇಕು, ಆಮೇಲೆ ಕೆಲಸ ತೆಗೆಯಬೇಕು. ಇದನ್ನು ಹಿಂದುಮುಂದು ಮಾಡಿದರೆ ನಡುವೆ ಬಂದ ಕೆಲಸಕ್ಕೆ ಯಾರೂ ಎಬ್ಬಿಸುವುದಿಲ್ಲ. ಮೌಸ್ ಅಲ್ಲಾಡಿಸಿದಾಗ ಮಾತ್ರ ತೂಕ ಬದಲಾಗುವ ವಿಚಿತ್ರ ದೋಷ ಹುಟ್ಟುವುದು ಇಲ್ಲಿಯೇ. ಕೆಲಸಗಳನ್ನು ಒಂದೊಂದಾಗಿ ತೆಗೆಯಿರಿ, ನಡೆಸುವಾಗ ಲಾಕ್ ಬಿಟ್ಟಿರಿ. ಲಾಕ್ ಹಿಡಿದೇ ನಡೆಸಿದರೆ, ಆ ಕೆಲಸ ಇನ್ನೊಂದನ್ನು ಕ್ಯೂಗೆ ಹಾಕಲು ಹೋದಾಗ ತನ್ನದೇ ಲಾಕ್‌ಗೆ ಕಾಯುತ್ತ ನಿಲ್ಲುತ್ತದೆ.

ಹಂತ 2: ಎಬ್ಬಿಸುವುದು

ವಿಂಡೋಸ್: ಕಣ್ಣಿಗೆ ಕಾಣದ, ಮೆಸೇಜ್‌ಗೆಂದೇ ಮೀಸಲಾದ ಒಂದು ವಿಂಡೋ ಮಾಡಿ, ಅದಕ್ಕೆ ಪೋಸ್ಟ್‌ಮೆಸೇಜ್ ಕಳಿಸಿ. ಪೋಸ್ಟ್‌ಥ್ರೆಡ್‌ಮೆಸೇಜ್ (ವಿಂಡೋ ಬದಲು ನೇರ ಥ್ರೆಡ್‌ಗೆ ಕಳಿಸುವುದು) ಸುಲಭವಾಗಿ ಕಂಡರೂ ಅದರ ಸಹವಾಸ ಬೇಡ. ಬಳಕೆದಾರ ವಿಂಡೋ ಎಳೆಯುವಾಗ ಅಥವಾ ಮೆಸೇಜ್ ಬಾಕ್ಸ್ ತೆರೆದಿರುವಾಗ ಓಡುವುದು ನಮ್ಮ ಲೂಪ್ ಅಲ್ಲ, ವಿಂಡೋಸ್‌ನದು. ಯಾವ ವಿಂಡೋಗೂ ಸೇರದ ಮೆಸೇಜ್ ಅಲ್ಲಿ ಕಳೆದುಹೋಗುತ್ತದೆ. ವಿಂಡೋಸ್‌ನ ಒಂದು ಮೆಸೇಜ್ ಕ್ಯೂನಲ್ಲಿ ಹಿಡಿಯುವುದು ಮಾಮೂಲಾಗಿ 10,000 ಮೆಸೇಜ್. ಫ್ಲ್ಯಾಗ್ ಇದ್ದರೆ ಆ ಮಿತಿಯ ಹತ್ತಿರವೂ ಹೋಗುವುದಿಲ್ಲ, ಆದರೂ ಪೋಸ್ಟ್‌ಮೆಸೇಜ್ ವಿಫಲವಾಯಿತೇ ಎಂದು ನೋಡಿ ಫ್ಲ್ಯಾಗ್ ಇಳಿಸಿ. ಇಲ್ಲವಾದರೆ ಲೂಪ್ ಮತ್ತೆಂದೂ ಏಳುವುದಿಲ್ಲ.

ಮ್ಯಾಕ್: ಒಂದು ರನ್‌ಲೂಪ್ ಸೋರ್ಸ್ (ಕೆಲಸ ಬಂದಿದೆ ಎಂದು ಲೂಪ್‌ಗೆ ತಿಳಿಸುವ ಮೂಲ) ಮಾಡಿ ‘ಕಾಮನ್ ಮೋಡ್ಸ್’ಗೆ ಸೇರಿಸಿ. ಡಿಫಾಲ್ಟ್ ಮೋಡ್‌ಗೆ ಮಾತ್ರ ಸೇರಿಸಿದರೆ ಮೆನು ತೆರೆದಿರುವಷ್ಟು ಹೊತ್ತು ತೂಕ ನಿಂತೇ ಇರುತ್ತದೆ. ಸೋರ್ಸ್‌ಗೆ ಸಿಗ್ನಲ್ ಕೊಟ್ಟ ಮೇಲೆ ವೇಕ್‌ಅಪ್ ಕೂಡ ಕರೆಯಬೇಕು. ಬರೀ ಸಿಗ್ನಲ್‌ಗೆ ಮಲಗಿದ ಲೂಪ್ ಏಳದು.

ಲಿನಕ್ಸ್: ಜಿಟಿಕೆಯ ತಳದಲ್ಲಿರುವ ಲೈಬ್ರರಿಯಾದ ಜಿಲಿಬ್‌ನ ಐಡಲ್ ಸೋರ್ಸ್ (ಲೂಪ್‌ಗೆ ಬಿಡುವಾದಾಗ ಓಡುವ ಕೆಲಸ) ಬಳಸಬಹುದು. ಅದರ ಮಾಮೂಲಿ ಆದ್ಯತೆ 200. ಸಂಖ್ಯೆ ದೊಡ್ಡದಾದಷ್ಟೂ ಸರದಿ ತಡ. ತುರ್ತು ಕೆಲಸಕ್ಕೆ ಆದ್ಯತೆ 0 ಕೊಡಿ. ಕಾಲ್‌ಬ್ಯಾಕ್ (ಲೂಪ್ ಕರೆಯುವ ನಮ್ಮ ಫಂಕ್ಷನ್) ಕೊನೆಗೆ ಫಾಲ್ಸ್ ಹಿಂತಿರುಗಿಸದಿದ್ದರೆ ಅದು ಮತ್ತೆ ಮತ್ತೆ ಓಡಿ ಸಿಪಿಯು ತಿನ್ನುತ್ತದೆ. ಜಿಲಿಬ್ ಇಲ್ಲದಿದ್ದರೆ ಎಬ್ಬಿಸಲು ಲಿನಕ್ಸ್ ಕರ್ನಲ್ ಕೊಡುವ ಇವೆಂಟ್‌ಎಫ್‌ಡಿ ಬಳಸಿ, ಎದ್ದಾಗಲೆಲ್ಲ ಅದರ 8 ಬೈಟ್ ಓದಿ ಖಾಲಿ ಮಾಡಿ.

ಆಂಡ್ರಾಯ್ಡ್: ಮೇನ್ ಥ್ರೆಡ್‌ನ ಲೂಪ್ ಆದ ಮೇನ್ ಲೂಪರ್‌ಗೆ ಕಟ್ಟಿದ ಹ್ಯಾಂಡ್ಲರ್‌ನ ಪೋಸ್ಟ್ ಸಾಕು.

ಹಂತ 3: ಸಮಯದ ಮಿತಿ

60 ಹರ್ಟ್ಸ್ ಪರದೆಗೆ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16.6 ಮಿಲಿಸೆಕೆಂಡ್. ಒಮ್ಮೆ ಎದ್ದಾಗ 8 ಮಿಲಿಸೆಕೆಂಡ್ ಮೀರಿದರೆ ಉಳಿದ ಕೆಲಸ ಬಿಟ್ಟು ಹೊರಬನ್ನಿ. ಆದರೆ ಪ್ರತಿ ಕೆಲಸ ಶುರು ಮಾಡುವ ಮುನ್ನವೇ, ಕ್ಯೂನಲ್ಲಿ ಇನ್ನೂ ಇದೆ, ಫ್ಲ್ಯಾಗ್ ಇಳಿದಿದೆ ಎಂದಾದರೆ ಫ್ಲ್ಯಾಗ್ ಏರಿಸಿ ಮತ್ತೊಮ್ಮೆ ಎಬ್ಬಿಸುವ ಕರೆ ಕಳಿಸಿಡಬೇಕು. ಇದರಿಂದ ಇನ್ನೊಂದು ದೊಡ್ಡ ತೊಡಕೂ ತಪ್ಪುತ್ತದೆ. ಒಂದು ಕೆಲಸ ‘ಈ ಲಾಟ್ ಉಳಿಸಲೇ?’ ಎಂಬ ಡೈಲಾಗ್ ತೆರೆಯಿತು ಎನ್ನಿ. ಆಗ ಒಳಗೆ ಇನ್ನೊಂದು ಲೂಪ್ ಓಡುತ್ತದೆ. ಎಲ್ಲ ಕೆಲಸವನ್ನೂ ಒಮ್ಮೆಗೇ ಸ್ಥಳೀಯ ಪಟ್ಟಿಗೆ ಸುರಿದುಕೊಂಡಿದ್ದರೆ ಹಳೆಯವು ಹೊರಗೆ ಸಿಕ್ಕಿಬಿದ್ದು, ಹೊಸವು ಮೊದಲು ಓಡುತ್ತವೆ. ಡಬ್ಬಿ ಕಾಯಿಯ ತೂಕ ಕಡ್ಡಿ ಕಾಯಿಯ (ಎರಡೂ ಬ್ಯಾಡಗಿ ಮೆಣಸಿನಕಾಯಿಯ ಬಗೆ) ಲಾಟ್‌ಗೆ ಬೀಳಲು ಅಷ್ಟು ಸಾಕು. ಒಂದೊಂದಾಗಿ ತೆಗೆದರೆ ಸರದಿ ಕೆಡುವುದಿಲ್ಲ.

ಪರದೆಯಲ್ಲಿ ಓಡುವ ತೂಕಕ್ಕೆ ಪ್ರತಿ ಓದನ್ನೂ ಕ್ಯೂಗೆ ಹಾಕಬೇಡಿ, ಕೊನೆಯದೊಂದನ್ನು ಇಟ್ಟುಕೊಂಡರೆ ಆಯಿತು. ಚೀಲದ ಲೆಕ್ಕಕ್ಕೆ ದಾಖಲಾಗುವ ತೂಕ ಮಾತ್ರ ಪ್ರತ್ಯೇಕ ಕೆಲಸವಾಗಿರಲಿ. ಅದು ರೈತರ ದುಡ್ಡಿನ ಲೆಕ್ಕ, ಒಂದೂ ಬಿಟ್ಟುಹೋಗಬಾರದು.

ಹಂತ 4: ಮುಚ್ಚುವುದು

ಹೆಚ್ಚಿನ ಕ್ರ್ಯಾಶ್ ಆಗುವುದು ಪ್ರೋಗ್ರಾಂ ಮುಚ್ಚುವಾಗ. ಮೊದಲು ಕ್ಯೂ ಮುಚ್ಚಿದೆ ಎಂದು ಗುರುತಿಟ್ಟು ಹೊಸ ಕೆಲಸ ನಿರಾಕರಿಸಿ, ನಂತರ ಓದುವ ಥ್ರೆಡ್ ಮುಗಿಯುವ ತನಕ ಕಾಯಿರಿ, ಕೊನೆಗೆ ಕ್ಯೂ ಅಳಿಸಿ. ಓದುವ ಕರೆಗೆ 200 ಮಿಲಿಸೆಕೆಂಡ್ ಟೈಮ್‌ಔಟ್ ಇಡಿ. ಇಲ್ಲದಿದ್ದರೆ ತೂಕದ ಯಂತ್ರ ಆಫ್ ಆಗಿರುವಾಗ ಪ್ರೋಗ್ರಾಂ ಮುಚ್ಚುವುದೇ ಇಲ್ಲ. ಕೆಲಸದೊಳಗೆ ವಿಂಡೋದ ನೇರ ಪಾಯಿಂಟರ್ ಬದಲು ವೀಕ್ ಪಾಯಿಂಟರ್ (ವಿಂಡೋ ಅಳಿದಿದ್ದರೆ ತಿಳಿಸುವ ಪಾಯಿಂಟರ್) ಇಟ್ಟು, ವಿಂಡೋ ಇನ್ನೂ ಇದೆಯೇ ಎಂದು ನೋಡಿ ಮುಂದುವರಿಯಿರಿ. ‘ಮೇನ್ ಥ್ರೆಡ್‌ನಲ್ಲಿ ಮಾಡಿಸಿ, ಮುಗಿಯುವ ತನಕ ಕಾಯು’ ಎಂಬ ಕರೆಯನ್ನು ಆದಷ್ಟೂ ದೂರವಿಡಿ: ಮೇನ್ ಥ್ರೆಡ್ಡೇ ಅದನ್ನು ಕರೆದರೆ ತನಗಾಗಿ ತಾನೇ ಕಾಯುತ್ತದೆ. ಮುಚ್ಚುವ ಹೊತ್ತಿನಲ್ಲಿ ಓದುವ ಥ್ರೆಡ್ ಕರೆದರೆ ಎರಡೂ ಒಂದನ್ನೊಂದು ಕಾಯುತ್ತವೆ.

ಹಂತ 5: ಪರೀಕ್ಷೆ

ವಿಂಡೋಸ್‌ನಲ್ಲಿ ವಿಂಡೋದ ತಲೆಪಟ್ಟಿ ಹಿಡಿದು ಎಳೆಯುತ್ತಿರಿ. ಮ್ಯಾಕ್‌ನಲ್ಲಿ ಮೆನು ತೆರೆದಿಡಿ. ಆಂಡ್ರಾಯ್ಡ್‌ನಲ್ಲಿ ಫೋನ್ ಅಡ್ಡ ತಿರುಗಿಸಿ. ಈ ಮೂರರಲ್ಲೂ ತೂಕ ಬದಲಾಗುತ್ತಲೇ ಇರಬೇಕು. ಲಿನಕ್ಸ್‌ನಲ್ಲಿ ಜಿಸಿಸಿ ಅಥವಾ ಕ್ಲ್ಯಾಂಗ್‌ನ ಥ್ರೆಡ್ ಸ್ಯಾನಿಟೈಸರ್ (ಥ್ರೆಡ್‌ಗಳು ಒಂದೇ ಡೇಟಾಗೆ ಗುದ್ದಾಡುವುದನ್ನು ಹಿಡಿಯುವ ಸಾಧನ) ಹಾಕಿ ಕಂಪೈಲ್ ಮಾಡಿ, ತೂಕದ ಬದಲು ಕೃತಕ ಡೇಟಾ ಹರಿಸುತ್ತ, ಪ್ರೋಗ್ರಾಂ ತೆರೆದು ಮುಚ್ಚುವುದನ್ನು ಸ್ಕ್ರಿಪ್ಟ್‌ನಿಂದ ರಾತ್ರಿಯಿಡೀ ಓಡಿಸಿ.