ಹಿಂದಲೆಯಿಂದ ಹೊಡೆಯುವ ನರದ ನೋವು: ಮೂಲ ಗುರುತಿಸುವುದು ಹೇಗೆ?

ತಲೆನೋವೆಂದ ಕೂಡಲೇ ಹಣೆಗೆ ಮುಲಾಮು ಬಳಿದುಕೊಂಡು ಮಲಗುವವರನ್ನು ಸಾಕಷ್ಟು ಕಂಡಿದ್ದೇನೆ. ನೋವಿನ ಬೇರು ಕತ್ತಿನ ಮೇಲ್ತುದಿಯ ನರದಲ್ಲಿದ್ದರೆ, ಆ ಮುಲಾಮು ಹಣೆಯ ಚರ್ಮವನ್ನು ಉರಿಸುತ್ತದೆಯೇ ಹೊರತು ನರದ ತನಕ ಹೋಗುವುದಿಲ್ಲ.

ಮೊದಲ ಹಂತದಲ್ಲಿ ಅಪಾಯದ ಲಕ್ಷಣಗಳಿವೆಯೇ ಎಂದು ನೋಡಿ. ಸಿಡಿಲಿನಂತೆ ಒಮ್ಮೆಗೇ ಎರಗಿದ ನೋವು, ಜ್ವರದೊಂದಿಗೆ ಸೆಟೆದ ಕತ್ತು, ತೊದಲುವ ಮಾತು, ಕೈಕಾಲಿನ ಬಲಹೀನತೆ, ತಲೆಗೆ ಬಿದ್ದ ಪೆಟ್ಟು, 50 ದಾಟಿದವರಲ್ಲಿ ಹೊಸದಾಗಿ ಶುರುವಾದ ತಲೆನೋವು, ಇವುಗಳಲ್ಲಿ ಒಂದಿದ್ದರೂ ಮುಂದಿನ ಸಾಲುಗಳನ್ನು ಓದದೆ ಆಸ್ಪತ್ರೆಗೆ ಹೊರಡಿ.

ಎರಡನೆಯದು ನೋವಿನ ಗುರುತು ಹಿಡಿಯುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಕತ್ತಿನ ಎರಡನೆಯ ಬೆನ್ನುಹುರಿ ನರದಿಂದ ಹೊರಡುವ ದೊಡ್ಡ ಆಕ್ಸಿಪಿಟಲ್ ನರವು (ಹಿಂದಲೆಯ ನರ) ಕತ್ತಿನ ಸ್ನಾಯುಗಳ ನಡುವೆ ತೂರಿಕೊಂಡು ನೆತ್ತಿಯವರೆಗೆ ಹಬ್ಬುತ್ತದೆ. ತಲೆಯ ಹಿಂಬದಿಯ ನಡುವಿನ ಉಬ್ಬಿನಿಂದ ಕಿವಿಯ ಹಿಂದಿನ ಎಲುಬಿಗೆ ಒಂದು ಗೆರೆ ಎಳೆದಂತೆ ಊಹಿಸಿಕೊಂಡು, ಉಬ್ಬಿನಿಂದ ಅದರ ಮೂರನೇ ಒಂದು ಭಾಗದಷ್ಟು ದೂರದಲ್ಲಿ ತೋರುಬೆರಳಿನ ತುದಿಯಿಂದ ಹಗುರವಾಗಿ ಒತ್ತಿ. ಅಲ್ಲಿ ಚುರುಕ್ಕೆಂದು, ಕರೆಂಟು ಹೊಡೆದಂತೆ ನೋವು ನೆತ್ತಿಗೆ ಹರಿದರೆ ಆ ನರದ ಮೇಲೆ ಅನುಮಾನ ಪಡಬಹುದು. ಹೆಬ್ಬೆರಳಿನಿಂದ ಅದುಮಿದರೆ ಯಾರ ಕತ್ತಾದರೂ ನೋಯುತ್ತದೆ, ಅದು ಪರೀಕ್ಷೆಯಲ್ಲ. ಕತ್ತಿನ ಮೇಲ್ಭಾಗದ ನರಗಳೂ ಮುಖದ ಟ್ರೈಜೆಮಿನಲ್ ನರವೂ ಬೆನ್ನುಹುರಿಯ ಮೇಲ್ತುದಿಯಲ್ಲಿ ಒಂದೇ ಕಡೆ ಸಂಧಿಸುವುದರಿಂದ, ಹಿಂದಲೆಯ ನೋವು ಕಣ್ಣಿನ ಹಿಂದೆಯೂ ಕಾಣಿಸಿಕೊಂಡು, ಕನ್ನಡಕ ಬದಲಿಸುವವರೆಗೂ ದಾರಿ ತಪ್ಪಿಸುತ್ತದೆ. ಹಲ್ಲುಜ್ಜುವಾಗ, ಗಾಳಿ ತಾಕಿದಾಗ ಕೆನ್ನೆಯಲ್ಲಿ ಕ್ಷಣಕಾಲ ಸಿಡಿಯುವ ನೋವು ಮಾತ್ರ ಟ್ರೈಜೆಮಿನಲ್ ನರದ್ದೇ ಇರಬಹುದು. ಅದಕ್ಕೆ ವೈದ್ಯರು ಮೊದಲು ಬರೆಯುವ ಕಾರ್ಬಮಜೆಪಿನ್ ಬೇರೆಯೇ ದಾರಿಯ ಮದ್ದು. ಮೈಗ್ರೇನ್‌ನಲ್ಲಿಯೂ ಹಿಂದಲೆ ಮುಟ್ಟಿದರೆ ನೋಯಬಹುದಾದ್ದರಿಂದ ಕೊನೆಯ ತೀರ್ಮಾನ ವೈದ್ಯರಿಗೇ ಬಿಟ್ಟಿದ್ದು. ನೋವು ಬಂದ ಹೊತ್ತು, ಬದಿ, ಎಷ್ಟು ಸೆಕೆಂಡು ಇತ್ತು ಎಂಬುದನ್ನು ಎರಡು ವಾರ ಕಾಗದದಲ್ಲಿ ಬರೆದಿಟ್ಟುಕೊಂಡು ಹೋಗಿ. ನೆನಪಿನಿಂದ ಹೇಳುವವರು ಕೊನೆಯ ನೋವನ್ನಷ್ಟೇ ಹೇಳುತ್ತಾರೆ.

ಮೂರನೆಯದು ಮನೆಯ ಆರೈಕೆ: ಹದವಾದ ಬಿಸಿ ಶಾಖ, ಗಲ್ಲವನ್ನು ನಿಧಾನವಾಗಿ ಹಿಂದಕ್ಕೆಳೆಯುವ ವ್ಯಾಯಾಮ, ತೆಳು ದಿಂಬು. ಬೋರಲು ಮಲಗುವುದನ್ನು ಬಿಟ್ಟೇ ಬಿಡಿ. ಕತ್ತನ್ನು ಲಟಕ್ಕೆಂದು ತಿರುಗಿಸಿ ‘ನರ ಬಿಡಿಸುವ’ವರ ಹತ್ತಿರ ಸುಳಿಯಬೇಡಿ, ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳಿವೆ.

ಇನ್ನು ಔಷಧ. ಸಾಮಾನ್ಯ ನೋವುಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚು ನುಂಗುತ್ತ ಹೋದರೆ, ಗುಳಿಗೆಯೇ ತಲೆನೋವು ತರಬಹುದು. ನರದ ನೋವಿಗೆ ವೈದ್ಯರು ಗ್ಯಾಬಪೆಂಟಿನ್ ಅಥವಾ ಅಮಿಟ್ರಿಪ್ಟಿಲಿನ್ ಬರೆದರೆ ಅದು ಅಂದೇ ಕೆಲಸ ಮಾಡುವುದಿಲ್ಲ, ಕೆಲವು ವಾರ ಬೇಕು, ತಾವಾಗಿಯೇ ನಿಲ್ಲಿಸಬಾರದು. ಇಷ್ಟಕ್ಕೂ ಬಗ್ಗದಿದ್ದರೆ ನರದ ಸುತ್ತ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಅದರಿಂದ ನೋವು ತಾತ್ಕಾಲಿಕವಾಗಿಯಾದರೂ ಇಳಿದರೆ, ಆಕ್ಸಿಪಿಟಲ್ ನರದ ಮೇಲಿನ ಅನುಮಾನಕ್ಕೆ ಬಲವಾದ ಪುರಾವೆಯೂ ಸಿಕ್ಕಂತಾಗುತ್ತದೆ.