ಬನ್ಸಿ ರವೆ ಉದುರಾಗಿ ಬರಬೇಕೆ? ಮೊದಲು ಕಾಳು ಕತ್ತರಿಸಿ ನೋಡಿ

ಅಕ್ಕಲಕೋಟೆ, ಜತ್ತ ಕಡೆ ಬೇಸಿಗೆ ಬಂತೆಂದರೆ ಗಿರಣಿ ಮುಂದೆ ಗೋಧಿ ಡಬ್ಬಿಗಳ ಸಾಲು. ರವೆ ಬದಲು ಹಿಟ್ಟೇ ಜಾಸ್ತಿ ಬಂದರೆ ಬೈಗುಳ ಗಿರಣಿಯವನಿಗೆ. ಹೋದ ವರ್ಷ ನಾನೂ ಬೈದು ಬಂದೆ. ವೈನಿ (ಅತ್ತಿಗೆ) ಸುಮ್ನೆ ನಾಲ್ಕು ಕಾಳು ತೆಗೆದು, ಅಡಕತ್ತರಿಯಲ್ಲಿಟ್ಟು ಕತ್ತರಿಸಿ ತೋರಿಸಿದರು. ಒಳಗೆ ಸುಣ್ಣದಂಥ ಬಿಳಿ. ತಪ್ಪು ನಮ್ಮ ಹೊಲದಲ್ಲೇ ಆಗಿತ್ತು.

ನೀವೂ 50 ಕಾಳು ಕತ್ತರಿಸಿ ನೋಡಿ. ಒಳ್ಳೆಯ ಬನ್ಸಿ ಗೋಧಿಯ ಕಾಳು ಒಳಗೆ ಗಾಜಿನಂತೆ, ಜೇನಿನ ಬಣ್ಣಕ್ಕಿರುತ್ತದೆ. ಅಂಥವು 38ಕ್ಕಿಂತ ಕಡಿಮೆ ಸಿಕ್ಕರೆ ರವೆಯ ಆಸೆ ಬಿಡಿ. ಅಮೆರಿಕದಲ್ಲಿ ಈ ಗೋಧಿಗೆ ಮೇಲಿನ ದರ್ಜೆ ಕೊಡುವಾಗಲೂ 100ಕ್ಕೆ 75 ಗಾಜುಗಾಳು ಇರಲೇಬೇಕು.

ಆಮೇಲೆ ಒಂದು ಲೀಟರ್ ಅಳತೆಗೆ ಕಾಳು ಸುರಿಯಿರಿ. ಕುಲುಕಬೇಡಿ, ಮೇಲೆ ಸಮ ಮಾಡಿ ತೂಗಿ. 780 ಗ್ರಾಂ ದಾಟಿದರೆ ಕಾಳು ತುಂಬಿದೆ. ಕಡಿಮೆ ಇದ್ದರೆ ಜೊಳ್ಳು, ಅಂದರೆ ತೌಡು ಜಾಸ್ತಿ.

ಬೀಸುವ ಹಿಂದಿನ ರಾತ್ರಿ ಕಿಲೋಗೆ 50-60 ಮಿಲಿ ನೀರು ಚಿಮುಕಿಸಿ, ಕಲಸಿ, ಮುಚ್ಚಿಡಿ. ಸಿಪ್ಪೆ ನಾರಾಗುತ್ತದೆ, ಪುಡಿಯಾಗಿ ರವೆಗೆ ಸೇರುವುದಿಲ್ಲ.

ಇನ್ನು ಹೊಲದ ಮಾತು. ಬನ್ಸಿ, ಬಕ್ಷಿ ಎಂದು ನಾವು ಕರೆಯುವ ಡ್ಯೂರಮ್ ಗೋಧಿ ಹುಟ್ಟಿನಿಂದಲೇ ಗಟ್ಟಿ. ಚಪಾತಿ ಗೋಧಿಯಲ್ಲಿ 42 ಕ್ರೋಮೋಸೋಮ್, ಇದರಲ್ಲಿ 28. ಕಾಳನ್ನು ಮೆತ್ತಗೆ ಮಾಡುವ ಪ್ರೋಟೀನಿನ ಜೀನು ಇದರಲ್ಲಿಲ್ಲದ ಆ 14ರಲ್ಲಿದೆ. ರವೆಯ ಹಳದಿ ಬಣ್ಣವೂ ಬಹುಪಾಲು ತಳಿಯದೇ ಕೊಡುಗೆ, ಗೊಬ್ಬರ ಹಾಕಿ ತರಿಸಲಾಗದು. ಹಾಗಾಗಿ ಬೀಜ ನೋಡಿ ಆರಿಸಿ. ಮಳೆಯಾಶ್ರಿತ ಯರೆ (ಕಪ್ಪು ಮಣ್ಣಿನ) ಹೊಲಕ್ಕೆ ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯ ಎಂಎಸಿಎಸ್ 4028 ತಳಿ ಇದೆ. ಸುಮಾರು 100 ದಿನದ ಬೆಳೆ, ಪ್ರೋಟೀನು 14.7%.

ಆದರೆ ತಳಿ ಒಳ್ಳೆಯದಿದ್ದರೂ ಸಾರಜನಕ ಸಾಲದೆ ಹೋದರೆ ಕಾಳಲ್ಲಿ ಪ್ರೋಟೀನು ಕಡಿಮೆಯಾಗಿ ಬಿಳಿ ಮಚ್ಚೆ ಬೀಳುತ್ತದೆ. ನಾವು ಮಾಡಿದ್ದು ಅದನ್ನೇ. ಎರಡನೇ ಸಲದ ಯೂರಿಯಾ ಬಿಟ್ಟೆವು, ಮೇಲಿಂದ ನೀರು ಮಾತ್ರ ಹಾಯಿಸುತ್ತಲೇ ಇದ್ದೆವು. ನೀರಾವರಿ ಇದ್ದರೆ ಯೂರಿಯಾ ಎರಡು ಕಂತಲ್ಲಿ ಕೊಡಿ. ಒಣಬೇಸಾಯದಲ್ಲಿ ಎಲ್ಲವನ್ನೂ ಬಿತ್ತುವಾಗಲೇ ಕೊಡಬೇಕು, ಮೇಲ್ಮಣ್ಣು ಒಣಗಿದ ಮೇಲೆ ಹಾಕಿದ್ದು ಬೇರಿಗೆ ಸಿಗದು.

ಬಿತ್ತನೆ ತಡವಾದರೆ ಕಾಳು ತುಂಬುವ ಹೊತ್ತಿಗೆ ಬಿಸಿಲು ಏರಿ ಕಾಳು ಸುಕ್ಕಾಗುತ್ತದೆ. ಮಳೆಯಾಶ್ರಿತ ಹೊಲಕ್ಕೆ ಅಕ್ಟೋಬರ್ ಕೊನೆ, ನೀರಾವರಿಗೆ ನವೆಂಬರ್ ಮಧ್ಯ ಮೀರಬಾರದು.

ಒಣಗಿದ ತೆನೆ ಹೊಲದಲ್ಲಿ ನಿಲ್ಲಿಸಬೇಡಿ. ಒಂದು ಅಕಾಲ ಮಳೆ ಸಾಕು. ಕಾಳಿನ ಬಣ್ಣ ಮಾಸಿ, ಗಾಜಿನ ಹೊಳಪೆಲ್ಲ ಹೋಗುತ್ತದೆ. ಕಾಳು ಹಲ್ಲಿಗೆ ಕಟುಂ ಎಂದ ದಿನವೇ ಕುಡುಗೋಲು ಹಿಡಿಯಿರಿ.